ವರ್ತಕ ನಗರದ ಮಣ್ಣಿನ ಬಾಯಿ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಕೊಂಡು ನಿಂತಿದ್ದರು. ಮುಂಬೈ ಪಕ್ಕದ ಐರೋಲಿ ಸೇತುವೆಯ ಈಚೆ ಬದಿ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರು ಇಳಿದ ಹೊತ್ತು. ಭಾನುವಾರದ ವಾಕಿಂಗ್ ಮುಗಿಸಿ ನಾನು ಮನೆಗೆ ಹೊರಟಿದ್ದೆ. ದಂಡೆಯ ಮೇಲೆ ನಿಂತಿದ್ದ ವಾಚ್‌ಮನ್ ಒಬ್ಬ ಕೆಳಗೆ ನೋಡುತ್ತ, "ಆಜಿ, ವರ ಯಾ, ವರ ಯಾ" ಎಂದು ಕೂಗುತ್ತಿದ್ದ. ಅಜ್ಜಿ, ಮೇಲೆ ಬನ್ನಿ ಅಂತ. ನಾನೂ ಬಗ್ಗಿ ನೋಡಿದೆ. ಉಪ್ಪುನೀರಿನ ಕಾಂಡ್ಲಾ ಗಿಡಗಳ ನಡುವೆ ಹತ್ತಿ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು. ವಯಸ್ಸು ಅರವತ್ತು ದಾಟಿರಬೇಕು. ಆ ಗಿಡಗಳ ಬೇರುಗಳು ಉಸಿರಾಡುವುದಕ್ಕೆಂದು ಕೆಸರಿನಿಂದ ಪೆನ್ಸಿಲ್‌ಗಳ ಹಾಗೆ ಮೇಲಕ್ಕೆದ್ದು ನಿಂತಿರುತ್ತವಲ್ಲ, ಅವನ್ನು ಅವರು ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಸವರುತ್ತಿದ್ದರು.

"ಇಂವಾ ಒಬ್ಬಾಂವ ಯಾಕ ಒದರ್ಲಿಕ್ಕೆ ಹತ್ಯಾನೋ" ಎಂದು ಅವರು ತಮ್ಮಷ್ಟಕ್ಕೆ ಗೊಣಗಿದ್ದು ಕೇಳಿಸಿತು.

ಐರೋಲಿಯ ಖಾಡಿಯ ಕೆಸರಿನೊಳಗಿಂದ ಧಾರವಾಡದ ಮಾತು ಬಂದರೆ ಮೈಸೂರಿನವಳು ಸುಮ್ಮನೆ ಹೋಗುವುದು ಹೇಗೆ? "ಕನ್ನಡದೋರಾ ನೀವು?" ಎಂದು ಕೇಳಿದೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ಹೌದವಾ. ಮೊದ್ಲ ಕೈ ಕೊಡು. ಕನ್ನಡ ಆಮ್ಯಾಲೆ ಮಾತಾಡೋಣು. ಕಾಲು ಸಿಕ್ಕೊಂಡದ."

ನಾನೂ ವಾಚ್‌ಮನ್ನೂ ಸೇರಿ ಅವರನ್ನು ಎಳೆದು ದಂಡೆಗೆ ತಂದೆವು. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಒಂದು ಸಲ ಮೂಸಿ, ಆಮೇಲೆ ನನ್ನ ಬಾಟಲಿಯ ನೀರಿನಲ್ಲಿ ತೊಳೆದುಕೊಂಡರು. ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, "ಕಣ್ಣಿಲೆ ನೋಡಿದ್ದು ಮನಿ ಮುಟ್ಟೋದ್ರೊಳಗ ಮರೀತದ. ಕೈಲೆ ನೋಡಿದ್ದು ಇರ್ತದ" ಅಂದರು. ರಿಕ್ಷಾದಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಹತ್ತುವಾಗ, "ಠಾಣೆಯ ವರ್ತಕ ನಗರಕ್ಕ ಬಾ. ಶನಿವಾರ ಮನ್ಯಾಗ ಇರ್ತೀನಿ" ಎಂದು ವಿಳಾಸ ಹೇಳಿ ಹೋದರು. ಹೆಸರು ಹೇಳಲಿಲ್ಲ, ನನ್ನ ಹೆಸರನ್ನೂ ಕೇಳಲಿಲ್ಲ.

ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ನಮಗೆಲ್ಲ ಅವರು ಬಾಯಿ. ಈ ಊರುಗಳಲ್ಲಿ ಮನೆಗೆಲಸಕ್ಕೆ ಬರುವವಳಿಗೂ ಬಾಯಿ ಅನ್ನುತ್ತಾರೆ, ಶಾಲೆಯಲ್ಲಿ ಪಾಠ ಹೇಳುವ ಹೆಂಗಸಿಗೂ ಬಾಯಿ ಅನ್ನುತ್ತಾರೆ. ಇವರು ಎರಡನೆಯ ಬಗೆಯವರು. ನೌಪಾಡಾದ ಒಂದು ಶಾಲೆಯಲ್ಲಿ ನಿವೃತ್ತಿಯವರೆಗೆ ಚಿತ್ರಕಲೆ ಕಲಿಸಿದವರು. ಮಣ್ಣಿಗೆ ಕೈಯಿಟ್ಟದ್ದು ಆಮೇಲೆ. ಶಾಲೆಯಲ್ಲಿದ್ದಾಗಲೇ ಯಾಕೆ ಶುರು ಮಾಡಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಆವಾಗ ಮಕ್ಕಳ ಗುಡ್ಡ, ಮಕ್ಕಳ ಸೂರ್ಯ ತಿದ್ದೋದ್ರಾಗ ಕೈ ದಣೀತಿತ್ತು. ದಣಿದ ಕೈಗೆ ಮಣ್ಣು ಮಾತು ಕೇಳೂದಿಲ್ಲ" ಅಂದಿದ್ದರು.

ಅವರ ಯಜಮಾನರು ಠಾಣೆಯವರೇ, ಮರಾಠಿಯವರು. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವು ಕಾಕಾ ಅನ್ನುತ್ತಿದ್ದೆವು. ಬಾಯಿ ಕನ್ನಡದಲ್ಲಿ ಮಾತಾಡಿದರೆ ಕಾಕಾ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು. ಒಬ್ಬರು ಇನ್ನೊಬ್ಬರ ಭಾಷೆಗೆ ಬರಲೂ ಇಲ್ಲ, ಅದರಿಂದ ಯಾವ ಮಾತೂ ನಿಲ್ಲಲೂ ಇಲ್ಲ. ಕಾಕಾಗೆ ಮನೆ ಚೊಕ್ಕಟವಾಗಿರಬೇಕು. ಬಾಯಿ ನಡೆದಲ್ಲೆಲ್ಲ ಮಣ್ಣು. ಅವರ ಹಿಂದೆ ಕಾಕಾ ಒದ್ದೆ ಬಟ್ಟೆ ಹಿಡಿದು ನಡೆಯುತ್ತಿದ್ದ ಚಿತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಬಾಯಿಯ ಮನೆಯಲ್ಲಿ ತಿಗರಿ ಇರಲಿಲ್ಲ. ಕುಂಬಾರರ ಹಾಗೆ ಚಕ್ರದ ಮೇಲೆ ಮಣ್ಣು ತಿರುಗಿಸುವುದು ಅವರಿಗೆ ಒಗ್ಗದ ಕೆಲಸ. "ತಿಗರಿ ಎಲ್ಲಾನೂ ಗುಂಡಗ ಮಾಡ್ತದ. ಅಡವಿಯೊಳಗ ಅಷ್ಟು ಗುಂಡಗ ಇರೋದು ಏನದ ತೋರ್ಸು ನೋಡೋಣು" ಅನ್ನುವರು. ಚಕ್ಕುಲಿಯ ಹಿಟ್ಟಿನ ಹಾಗೆ ಮಣ್ಣನ್ನು ಉದ್ದಕ್ಕೆ ಹುರಿ ಹೊಸೆದು, ಒಂದರ ಮೇಲೊಂದು ಸುತ್ತಿಟ್ಟು, ಬೆರಳಿನಿಂದ ಬೆಸೆದು ಮೇಲಕ್ಕೆ ಕಟ್ಟುತ್ತ ಹೋಗುವುದು ಅವರ ರೀತಿ. ಒಳಗೆ ಟೊಳ್ಳಿರಬೇಕು, ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಆತುರ ಮಾಡಿದರೆ ಬೆಂಕಿಯಲ್ಲಿ ಒಡೆಯುತ್ತದೆ. ಯೇವೂರಿನ ಕಾಡಿನಲ್ಲಿ ಸಿಕ್ಕ ಬಿರಿದ ಕಾಯಿ, ತೊಗಟೆಯ ಗಂಟು, ಕಣಜದ ಗೂಡು, ಅಣಬೆ, ಒಣಗಿದ ಕಮಲದ ಬುಡ ಇವೆಲ್ಲ ಅವರ ಕೈಯಲ್ಲಿ ದೊಡ್ಡದಾಗುತ್ತಿದ್ದವು. ಬೆರಳಿನಷ್ಟಿದ್ದ ಕಾಯಿ ಮಗುವಿನಷ್ಟಾಗುತ್ತಿತ್ತು.

ಶನಿವಾರ ಅಲ್ಲಿ ಸೇರುತ್ತಿದ್ದವರು ನಾವು ನಾಲ್ಕೈದು ಮಂದಿ. ನಾನು ಐರೋಲಿಯ ಒಂದು ಫೈನಾನ್ಸ್ ಕಂಪನಿಯವಳು. ಡೊಂಬಿವಲಿಯಿಂದ ಸುಮತಿ ಬರುತ್ತಿದ್ದಳು, ಔಷಧಿ ಅಂಗಡಿ ನಡೆಸುವವಳು, ಕಾರ್ಕಳದ ಕಡೆಯ ಮನೆತನ. ಬಾಯಿ ಕಲಿಸುವ ರೀತಿ ಮೆತ್ತಗಿನದಲ್ಲ. ನಾನು ಮಾಡಿದ ಮೊದಲ ವಸ್ತು ಒಂದು ಆಲದ ಎಲೆ. ಎಲೆಯನ್ನೇ ಎದುರಿಗಿಟ್ಟುಕೊಂಡು ನರ ನರವೂ ಬಿಡದೆ ಮಾಡಿದ್ದೆ. ಎಲ್ಲರೂ ಚೆನ್ನಾಗಿದೆ ಅಂದರು. ಬಾಯಿ ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಇದು ಎಲಿ ಅಲ್ಲ ತಂಗಿ, ಎಲಿಯ ಫೋಟೋ."

ಆಮೇಲೆ ತಂತಿಯಿಂದ ಅದನ್ನು ನಡುವೆ ಕೊಯ್ದು, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇರುವುದನ್ನು ತೋರಿಸಿದರು. ನನ್ನ ಮುಖ ಸಣ್ಣದಾಯಿತು. ಅವರು ಅದನ್ನು ಕಂಡೂ ಕಾಣದವರ ಹಾಗೆ, ಎರಡು ಹೋಳನ್ನೂ ಬಕೆಟ್‌ನ ನೀರಿಗೆ ಹಾಕಿ, "ಅಳಬ್ಯಾಡ. ಸುಡೋ ತನಕ ಮಣ್ಣು ಯಾರ ಮ್ಯಾಲೂ ಸಿಟ್ಟಾಗೂದಿಲ್ಲ. ನಾಳಿಗೆ ಮತ್ತ ಮಣ್ಣೇ ಆಗಿ ಬರ್ತದ" ಅಂದರು.

ಅವರ ಭಟ್ಟಿ, ಅಂದರೆ ಮಣ್ಣು ಸುಡುವ ವಿದ್ಯುತ್ ಒಲೆ, ಮೊದಲು ಮನೆಯ ಹಿಂದಿನ ಬಾಲ್ಕನಿಯಲ್ಲಿತ್ತು. ಅದು ಉರಿದಾಗಲೆಲ್ಲ ಇಡೀ ಕಟ್ಟಡದ ದೀಪ ಮಂಕಾಗುತ್ತದೆ ಎಂದು ಸೊಸೈಟಿಯವರು ತಕರಾರು ತೆಗೆದರು. ಬಾಯಿ ಜಗಳ ಆಡಲಿಲ್ಲ. ಮೀಟಿಂಗಿಗೆ ಹೋಗಿ, ಅವರು ಹೇಳುವುದು ಸರಿ, ತೆಗೆಯುತ್ತೇನೆ ಎಂದು ಹೇಳಿ ಬಂದರು. ಇನ್ನು ಈ ವಯಸ್ಸಿನಲ್ಲಿ ನಿಲ್ಲಿಸುತ್ತಾರೆ ಎಂದು ಕಾಕಾ ಅಂದುಕೊಂಡಿದ್ದರಂತೆ. ಆದರೆ ಸುಮತಿಯ ತಂದೆಗೆ ಡೊಂಬಿವಲಿಯ ಕಾರ್ಖಾನೆಗಳ ಕಡೆ ಒಂದು ಗಾಳಾ ಇತ್ತು, ಶಟರ್ ಹಾಕಿ ಬಿಟ್ಟಿದ್ದ ಸಣ್ಣ ವರ್ಕ್‌ಶಾಪ್. "ಖಾಲಿ ಬಿದ್ದಿದೆ ಬಾಯಿ, ಎಂತ ಮಾಡುದು ಅದನ್ನು ಇಟ್ಟುಕೊಂಡು" ಎಂದಳು ಸುಮತಿ. ಅದೇ ವಾರ ಭಟ್ಟಿ ಟೆಂಪೋ ಹತ್ತಿತು.

ಹಾಗಾಗಿ ಸುಡಬೇಕಾದ ಹಸಿ ವಸ್ತುಗಳು ಠಾಣೆಯಿಂದ ಡೊಂಬಿವಲಿಗೆ ಲೋಕಲ್ ಟ್ರೇನಿನಲ್ಲಿ ಹೋಗತೊಡಗಿದವು. ಟೆಂಪೋದ ಕುಲುಕಾಟಕ್ಕಿಂತ ಟ್ರೇನ್ ವಾಸಿ ಎಂಬುದು ಬಾಯಿಯ ನಂಬಿಕೆ. ಒಣಗಿದ, ಇನ್ನೂ ಸುಡದ ಮಣ್ಣು ಹಪ್ಪಳ ಇದ್ದ ಹಾಗೆ, ಬೆರಳು ತಾಗಿದರೂ ಮುರಿಯುತ್ತದೆ. ಒಂದು ಮಧ್ಯಾಹ್ನ ನಾನು, ಬಾಯಿ ಇಬ್ಬರೂ ಬಿರಿದ ಕಾಯಿಯೊಂದನ್ನು ಸ್ಪಂಜು ಹಾಸಿದ ಬುಟ್ಟಿಯಲ್ಲಿಟ್ಟು, ಮೇಲೆ ಬಿಳಿ ಬಟ್ಟೆ ಹೊದಿಸಿ, ಮಹಿಳೆಯರ ಡಬ್ಬಾ ಹತ್ತಿದೆವು. ಆ ಹೊತ್ತಿನಲ್ಲೂ ಜನ ಇದ್ದರು. ಗಣಪತಿ ಹಬ್ಬ ಹತ್ತಿರದಲ್ಲಿತ್ತು. ಬಾಗಿಲ ಬಳಿ ನಿಂತ ಹೆಂಗಸೊಬ್ಬಳು ಬುಟ್ಟಿ ನೋಡಿ, "ದೇವ್ ಆಹೆ ಕಾ?" ಎಂದು ಕೇಳಿದಳು. ದೇವರಾ ಅಂತ.

ಬಾಯಿ ಒಂದು ಗಳಿಗೆಯೂ ತಡೆಯದೆ, "ಹೋ, ದೇವಚ್ ಆಹೆ" ಅಂದರು. ಹೌದು, ದೇವರೇ.

ತಕ್ಷಣ ಸೀಟು ಖಾಲಿಯಾಯಿತು. ಬುಟ್ಟಿ ಕಿಟಕಿ ಪಕ್ಕ ಕೂತಿತು. ಡೊಂಬಿವಲಿಯಲ್ಲಿ ಇಳಿಯುವಾಗ ಆ ಹೆಂಗಸೇ ಎರಡೂ ಕೈ ಚಾಚಿ ಹತ್ತುವವರನ್ನು ತಡೆದು, "ಸಾಂಭಾಳಾ, ದೇವ್ ಆಹೆ", ಜೋಪಾನ, ದೇವರಿದ್ದಾನೆ, ಎನ್ನುತ್ತ ನಮಗೆ ದಾರಿ ಮಾಡಿಕೊಟ್ಟಳು. ಪ್ಲಾಟ್‌ಫಾರ್ಮಿನಲ್ಲಿ ನಾನು, ಹೀಗೆ ಸುಳ್ಳು ಹೇಳಬಹುದಾ ಬಾಯಿ ಎಂದೆ.

"ಸುಳ್ಳೆಲ್ಲಿ ಬಂತು? ಒಂದು ಬೀಜದೊಳಗ ಇಡೀ ಗಿಡಾನ ಮಡಚಿ ಇಟ್ಟಾಂವ ಯಾರು ಹೇಳು ಮತ್ತ" ಎಂದು ಅವರು ಬುಟ್ಟಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದರು.

ಇಷ್ಟಾದರೂ ಅವರನ್ನು ಕಲಾವಿದೆ ಎಂದು ಯಾರೂ ಕರೆದಿರಲಿಲ್ಲ. ಠಾಣೆಯ ಒಂದು ಸಣ್ಣ ಪ್ರದರ್ಶನದಲ್ಲಿ ಅವರ ಅಣಬೆಗಳನ್ನು ನೋಡಿದ ಗಣ್ಯರೊಬ್ಬರು, "ನಿವೃತ್ತಿಯ ಮೇಲೆ ಒಳ್ಳೆ ಹವ್ಯಾಸ ಇಟ್ಟುಕೊಂಡಿದ್ದೀರಿ, ಮನಸ್ಸಿಗೆ ನೆಮ್ಮದಿ" ಅಂದಿದ್ದರು. ಬಾಯಿ ಕೈ ಮುಗಿದರು. ಮನೆಗೆ ಬಂದ ಮೇಲೆ ಮಣ್ಣು ನಾದುತ್ತ, "ನೆಮ್ಮದಿ ಬೇಕಾಗಿದ್ರ ನಿದ್ದಿ ಮಾಡ್ತಿದ್ದೆ" ಎಂದಿದ್ದೊಂದೇ. ಆ ದಿನ ಅವರು ಮಣ್ಣು ನಾದಿದ ರಭಸಕ್ಕೆ ಮೇಜು ಗೋಡೆಯವರೆಗೆ ಸರಿದಿತ್ತು.

ಖಾಡಿಯ ಬೇರುಗಳನ್ನು ಅವರು ವರ್ಷಗಟ್ಟಲೆ ಮುಟ್ಟಿ ನೋಡುತ್ತಿದ್ದರು, ಮಾಡಲು ಮಾತ್ರ ಕೈ ಹಾಕಿರಲಿಲ್ಲ. ಮುಂಬೈನ ಗ್ಯಾಲರಿಯೊಂದರ ಹೆಂಗಸು ಯಾರದೋ ಮನೆಯಲ್ಲಿ ಅವರ ಮಣ್ಣಿನ ಕಾಯಿಯೊಂದನ್ನು ನೋಡಿ, ಹುಡುಕಿಕೊಂಡು ಬಂದು, ಮಳೆಗಾಲ ಮುಗಿದ ಮೇಲೆ ನಿಮ್ಮದೊಬ್ಬರದೇ ಪ್ರದರ್ಶನ ಮಾಡೋಣ ಅಂದಾಗ, ಬಾಯಿ ಹಳೆಯ ಯಾವುದನ್ನೂ ಕೊಡಲಿಲ್ಲ. "ಬೇರು ಮಾಡ್ತೀನಿ. ಇಡೀ ಕೋಣಿ ತುಂಬ ಬೇರು. ಜನ ನಡುವ ಹಾದು ಹೋಗಬೇಕು" ಅಂದರು.

ಬೇಸಿಗೆಯಿಡೀ ಡೊಂಬಿವಲಿಯ ಗಾಳಾದಲ್ಲೇ ಕೆಲಸ. ಸೊಂಟದೆತ್ತರದವು, ಮೊಣಕಾಲೆತ್ತರದವು, ಗೇಣುದ್ದದವು, ಒಂದಕ್ಕೊಂದು ಆತುಕೊಂಡವು. ಬೆಳಿಗ್ಗೆ ಠಾಣೆಯಿಂದ ಜನ ತುಂಬಿದ ಟ್ರೇನುಗಳು ಮುಂಬೈ ಕಡೆ ಹೋಗುವಾಗ ಬಾಯಿ ಎದುರು ದಿಕ್ಕಿನ ಖಾಲಿ ಟ್ರೇನಿನಲ್ಲಿ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದರು; ರಜೆ ಸಿಕ್ಕ ದಿನ ನಾನೂ ಜೊತೆಗಿರುತ್ತಿದ್ದೆ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಡಾಕ್ಟರು ಹೃದಯಕ್ಕೆ ಮಾತ್ರೆ ಕೊಟ್ಟಿದ್ದರು. ಕಾಕಾ ಆಗಾಗ ಫೋನ್ ಮಾಡಿ ಮಾತ್ರೆ ನುಂಗಿದೆಯಾ ಎಂದು ಕೇಳುತ್ತಿದ್ದರು. ಬಾಯಿ ಮಣ್ಣಿನ ಕೈಯಲ್ಲಿ ಫೋನ್ ಹಿಡಿಯಲಾಗದೆ, "ನುಂಗೇನಿ ಅಂತ ಹೇಳು" ಎಂದು ನನಗೆ ಸನ್ನೆ ಮಾಡುತ್ತಿದ್ದರು. ಎಲ್ಲವನ್ನೂ ಕಟ್ಟಿ ಮುಗಿಸಿ, ಒಣಗಿದ ಮೇಲೆ ಒಂದಾದ ಮೇಲೊಂದರಂತೆ ಸುಡುವುದು ಅವರ ಲೆಕ್ಕ. ಮಳೆ ಹಿಡಿಯಿತು. ತೇವದಲ್ಲಿ ಬೇರುಗಳು ಒಣಗುವುದು ನಿಧಾನವಾಯಿತು. ಕೆಲವು ಪೂರ್ತಿ ಒಣಗಿದ್ದವು, ಕೆಲವು ಪ್ಲಾಸ್ಟಿಕ್ ಹೊದ್ದು ಇನ್ನೂ ಹಸಿಯಾಗಿದ್ದವು. ಭಟ್ಟಿಗೆ ಮಾತ್ರ ಒಂದೂ ಹೋಗಿರಲಿಲ್ಲ.

ಆಗಲೇ ಆ ದೊಡ್ಡ ಮಳೆ ಬಂತು. ಟ್ರೇನು ನಿಂತಿತು, ಕಲ್ಯಾಣದ ಈಚೆ ಹಳಿಗಳ ಮೇಲೆ ನೀರು ಎಂದರು. ಗಾಳಾದ ಹಿಂದೆ ಖಾಡಿಗೆ ಹರಿಯುವ ನಾಲೆ ಉಕ್ಕಿದೆ ಎಂದು ಸುಮತಿ ಫೋನ್ ಮಾಡಿದಳು. ಅವಳಿಗೂ ಹತ್ತಿರ ಹೋಗಲು ದಾರಿ ಇರಲಿಲ್ಲ. ನೀರು ಇಳಿದು ಟ್ರೇನು ಶುರುವಾದ ಬೆಳಿಗ್ಗೆಯೇ ಬಾಯಿ ಹೊರಟರು, ಜೊತೆಗೆ ನಾನು. ಕಾಕಾ ಕೂಡ ಅಂದು ಬಂದರು, ಅವರನ್ನು ನನ್ನೊಬ್ಬಳ ಜೊತೆ ಕಳಿಸಲು ಮನಸ್ಸಾಗದೆ.

ಸುಮತಿ ಶಟರ್ ಎತ್ತಿದಳು. ಒಣಗಿ ನಿಂತಿದ್ದ ಬೇರುಗಳು ನೀರು ಹೀರಿ ಕುಸಿದು, ಅವುಗಳ ಜಾಗದಲ್ಲಿ ಕೆಸರಿನ ಗುಪ್ಪೆಗಳಿದ್ದವು. ಹಸಿ ಇದ್ದವು ಪೂರ್ತಿ ಕರಗಿರಲಿಲ್ಲ. ನೀರು ಹೊರಗೆ ಹರಿದು ಹೋದ ದಿಕ್ಕಿಗೆ, ಬಾಗಿಲ ಕಡೆಗೆ, ಎಲ್ಲವೂ ಒಟ್ಟಿಗೆ ಬಗ್ಗಿ ಮಲಗಿದ್ದವು. ಗೋಡೆಯ ಮೇಲೆ ನೀರಿನ ಗೆರೆ. ಇಡೀ ಜಾಗ ಗಟಾರದ ವಾಸನೆ. ಎತ್ತರದ ಕಟ್ಟೆಯ ಮೇಲಿದ್ದುದರಿಂದ ಭಟ್ಟಿ ಒಂದು ಉಳಿದಿತ್ತು. ಸುಮತಿ ಅಳತೊಡಗಿದಳು. ನಾನು ಬಾಯಿಯ ಕೈ ಹಿಡಿಯಲು ಹೋದೆ. ಅವರು ಕೈ ಬಿಡಿಸಿಕೊಂಡರು.

"ಆತಾ ಬಸ್ಸ್ ಝಾಲಂ" ಎಂದರು ಕಾಕಾ. ಇನ್ನು ಸಾಕು. ಗದರಿಕೆಯಾಗಿ ಅಲ್ಲ, ಬೇಡಿಕೊಳ್ಳುವ ಹಾಗೆ.

ಬಾಯಿ ಚಪ್ಪಲಿ ಕಳಚಿದರು. ಒಳಗೆ ಹೋಗಿ ಬಗ್ಗಿದ ಒಂದು ಬೇರಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬುಡದಿಂದ ತುದಿಯವರೆಗೆ ಅದನ್ನು ಸವರಿದರು. ಪಕ್ಕದ್ದಕ್ಕೆ ಹೋದರು. ಕಣ್ಣು ಮುಚ್ಚಿತ್ತು. ನಾವು ಮೂವರೂ ಬಾಗಿಲಲ್ಲೇ ನಿಂತಿದ್ದೆವು. ಬಹಳ ಹೊತ್ತಾದ ಮೇಲೆ ಅವರು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸುಮತಿ, ಅಳೂದು ಆಮ್ಯಾಲೆ. ಎಷ್ಟು ಬಕೆಟ್ ಸಿಗ್ತಾವ ನೋಡು" ಅಂದರು.

ಗ್ಯಾಲರಿಯ ಹೆಂಗಸು ಫೋನಿನಲ್ಲಿ ಬಹಳ ಮರುಗಿದಳು. ಮುಂದಿನ ವರ್ಷಕ್ಕೆ ಹಾಕೋಣ, ಜಾಗ ನಿಮಗೇ ಇಡುತ್ತೇನೆ ಎಂದಳು. ಒಳ್ಳೆಯ ಮಾತು. ನಾನು ಒಪ್ಪಿಕೊಳ್ಳಿ ಎಂದು ಸನ್ನೆ ಮಾಡಿದೆ. ಬಾಯಿ ತಾರೀಖು ಹಾಗೆಯೇ ಇರಲಿ ಎಂದು ಹೇಳಿ ಫೋನ್ ಇಟ್ಟರು. "ಮುಂದಕ್ಕ ಹಾಕಿದ್ರ ನಾ ನೆನೆಸ್ಕೋತ ಕೂಡ್ತೀನಿ. ಮುರಿದಿದ್ದನ್ನ ನೆನೆಸ್ಕೋತ ಕೂತ ಮನಷ್ಯಾ ಮತ್ತ ಕಟ್ಟೂದಿಲ್ಲ" ಎಂದರು ನನಗೆ.

ಹೊಸ ಮಣ್ಣು ತರಿಸೋಣ ಎಂದು ನಾನು ಹಟ ಹಿಡಿದೆ. ನಾಲೆಯ ಮರಳು, ಉಪ್ಪು, ಏನೇನೋ ಸೇರಿದ ಮಣ್ಣು ಭಟ್ಟಿಯಲ್ಲಿ ನಿಲ್ಲುವುದಿಲ್ಲ ಎಂದು ಅವರೇ ನಮಗೆ ಕಲಿಸಿದ್ದರು. ಅವರು ಕೇಳಲಿಲ್ಲ. "ಅಷ್ಟು ದಿನ ಖಾಡಿಗೆ ಹೋಗಿ ಕೆಸರು ತುಳದೆ. ಈಗ ಅದ ಕೆಸರು ಮನಿ ಹುಡಿಕ್ಕೊಂಡು ಬಂದದ, ಹೊರಗ ಹಾಕಂತೀ?" ಎಂದರು. ಅದು ಹಟವೋ, ದುಃಖವೋ, ಅಥವಾ ನಿಜಕ್ಕೂ ಅವರಿಗೆ ಏನೋ ಕಂಡಿತ್ತೋ ನನಗೆ ಆಗ ತಿಳಿಯಲಿಲ್ಲ. ಕೆಸರನ್ನು ಬಕೆಟ್‌ಗಳಲ್ಲಿ ತುಂಬಿ, ನೀರು ಹಾಕಿ ಕಲಕಿ, ಜರಡಿಯಲ್ಲಿ ಸೋಸಿ, ತಿಳಿ ಬಸಿದು, ಹಳೆಯ ಸೀರೆಗಳಲ್ಲಿ ಕಟ್ಟಿ ನೇತುಹಾಕಿದೆವು. ಗಾಳಾದಲ್ಲಿ ಮೊಸರು ಕಟ್ಟಿ ಇಳಿಬಿಟ್ಟ ಹಾಗೆ ಗಂಟುಗಳು ತೂಗುತ್ತಿದ್ದವು.

ಬಗ್ಗಿ ಉಳಿದಿದ್ದವನ್ನೂ ಅವರು ಬಕೆಟ್‌ಗೆ ಹಾಕಿಸಿದರು. ಇವನ್ನಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದಳು ಸುಮತಿ. "ಅವು ನೀರು ಮಾಡಿದ್ದು. ನಾ ಮಾಡಿದ್ದಲ್ಲ" ಎಂದರು ಬಾಯಿ. ಆದರೆ ಮರುದಿನದಿಂದ ಅವರು ಕಟ್ಟತೊಡಗಿದ ಬೇರುಗಳು ಯಾವುವೂ ಮೊದಲಿನ ಹಾಗೆ ನೆಟ್ಟಗಿರಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಬಾಗಿದ್ದವು. ನೀರಿನ ಒತ್ತಡಕ್ಕೆ ಬಗ್ಗಿ, ಆದರೆ ಬುಡ ಬಿಡದೆ, ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗಿದ ಬೇರುಗಳು. ನೆಟ್ಟಗಿರುವುದನ್ನು ಕಟ್ಟುವುದು ಸುಲಭ. ಬಾಗಿದ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಒಂದು ಗೇಣು ಕಟ್ಟಿ, ಇಟ್ಟಿಗೆಯ ಆನಿಕೆ ಕೊಟ್ಟು, ಗಟ್ಟಿಯಾಗುವವರೆಗೆ ಕಾದು, ಮತ್ತೆ ಒಂದು ಗೇಣು. ಕೆಲವು ಎರಡೆರಡು ಸಲ ಕುಸಿದವು. ಬಾಯಿ ಬೈಯಲೂ ಇಲ್ಲ, ನಿಟ್ಟುಸಿರು ಬಿಡಲೂ ಇಲ್ಲ. ಎತ್ತಿ ಬಕೆಟ್‌ಗೆ ಹಾಕಿ ಹೊಸ ಹುರಿ ಹೊಸೆಯತೊಡಗುತ್ತಿದ್ದರು.

ಮೊದಲ ಸುಡುವಿಕೆ ಪೂರ್ತಿ ಹಾಳಾಯಿತು. ಭಟ್ಟಿಯೊಳಗೆ ಒಂದು ಬೇರು ಸಿಡಿದು, ಅದರ ಚೂರುಗಳು ಬಡಿದು ಪಕ್ಕದವೂ ಒಡೆದವು. ಬಾಗಿಲು ತೆರೆದಾಗ ಒಳಗೆ ಬರೀ ಬೋಕಿ. ಅಂದು ಬಾಯಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಚಹಾ ತಂದುಕೊಟ್ಟೆ. ಮನೆಗೆ ಹೋಗೋಣ ಬಾಯಿ ಎಂದೆ. ಅವರು ಚಹಾ ಕುಡಿದು ಮುಗಿಸಿ ಹೇಳಿದರು: "ಮಣ್ಣು ಬಾಳ ಸಣ್ಣಗಾಗೇದ. ಒಳಗಿನ ಹಬೆಗೆ ಹೊರಗ ಬರ್ಲಿಕ್ಕೆ ದಾರಿ ಇಲ್ಲ. ದಾರಿ ಮಾಡಿ ಕೊಡಬೇಕು."

ದಾರಿ ಎಂದರೆ, ಸುಟ್ಟ ಚೂರುಗಳನ್ನು ಕುಟ್ಟಿ ಪುಡಿ ಮಾಡಿ ಹಸಿ ಮಣ್ಣಿಗೆ ಬೆರೆಸುವುದು. ತರಿತರಿಯಾದ ಆ ಪುಡಿ ಮಣ್ಣಿನ ನಡುವೆ ಸಣ್ಣ ಸಂದುಗಳನ್ನು ಮಾಡುತ್ತದೆ. ಒಡೆದ ಬೇರುಗಳೇ ಅದಕ್ಕೆ ಒದಗಿದವು. ಮಾರನೆಯ ದಿನ ಗಾಳಾಕ್ಕೆ ಹೋದಾಗ ಕಬ್ಬಿಣದ ಹಾರೆ ಕುಟ್ಟುವ ಸದ್ದು ಕೇಳಿಸಿತು. ಒಳಗೆ ಕಾಕಾ. ಇಸ್ತ್ರಿ ಮಾಡಿದ ಷರ್ಟಿನ ತೋಳು ಮಡಚಿ, ಮೂಗಿಗೆ ಕರವಸ್ತ್ರ ಕಟ್ಟಿ, ಒರಳಿನ ಮುಂದೆ ಕೂತು ಚೂರುಗಳನ್ನು ಕುಟ್ಟುತ್ತಿದ್ದರು. ತಲೆ, ಹುಬ್ಬು ಎಲ್ಲ ಮಣ್ಣಿನ ಪುಡಿ. ನನ್ನನ್ನು ನೋಡಿ ಏನೂ ಆಗಿಲ್ಲವೆಂಬಂತೆ ತಲೆಯಾಡಿಸಿದರು. ಬಾಯಿ ಅವರ ಕಡೆ ಬೆನ್ನು ಹಾಕಿ ಬೇರು ಕಟ್ಟುತ್ತಿದ್ದರು. ಮಧ್ಯೆ ಒಮ್ಮೆ ತಿರುಗದೆಯೇ, "ಇನ್ನ ಸ್ವಲ್ಪ ದಪ್ಪ ಇರ್ಲಿ, ರವಾದಂಗ" ಎಂದರು. ಕಾಕಾ "ಬರಂ", ಸರಿ, ಎಂದು ಹಾರೆಯ ಪೆಟ್ಟು ಹಗುರ ಮಾಡಿದರು.

ಆ ಮಣ್ಣು ಸುಟ್ಟಾಗ ಬಂದ ಬಣ್ಣವನ್ನು ನಾವು ಯಾರೂ ಎಣಿಸಿರಲಿಲ್ಲ. ಕೆಂಪಲ್ಲ, ಕಪ್ಪಲ್ಲ, ಅಲ್ಲಲ್ಲಿ ಹೊಗೆಯಾಡಿದ ಬೂದು. ನಾಲೆಯಿಂದ ಬಂದ ಏನೇನೋ ಕಣಗಳು ಉರಿದು ಹೋಗಿ ಮೈ ತುಂಬ ಸಣ್ಣ ಸಣ್ಣ ಗುಳಿಗಳು. ಖಾಡಿಯ ಬೇರುಗಳ ಮೇಲೆ ಕಪ್ಪೆಚಿಪ್ಪು ಕಚ್ಚಿ ಬಿಟ್ಟುಹೋದ ಗುರುತಿರುತ್ತದಲ್ಲ, ಥೇಟ್ ಹಾಗೆ. ಬಾಯಿ ಅವುಗಳ ಮೇಲೆ ಯಾವ ಮೆರುಗನ್ನೂ ಹಚ್ಚಲಿಲ್ಲ. ಮೊದಲ ಬೇರನ್ನು ಹೊರಗೆ ತೆಗೆದು ಇನ್ನೂ ಬೆಚ್ಚಗಿದ್ದಾಗಲೇ ಕೆನ್ನೆಗೆ ಒತ್ತಿಕೊಂಡರು. ನಾನು ಹೇಳಿದ್ದು ತಪ್ಪು ಎಂದು ಅವರು ಆಮೇಲೆ ಯಾವತ್ತೂ ಎತ್ತಿ ಆಡಲಿಲ್ಲ.

ಪ್ರದರ್ಶನ ಹೇಳಿದ ತಾರೀಖಿಗೇ ಶುರುವಾಯಿತು. ಅಂದುಕೊಂಡಷ್ಟು ಬೇರುಗಳು ಆಗಿರಲಿಲ್ಲ, ಕೋಣೆ ತುಂಬಲಿಲ್ಲ. ಹಾಗಾಗಿ ಬಾಯಿ ಅವನ್ನೆಲ್ಲ ಒಂದೇ ಕಡೆ ಒತ್ತಾಗಿ ನಿಲ್ಲಿಸಿ, ಉಳಿದ ನೆಲವನ್ನು ಖಾಲಿ ಬಿಡಿಸಿದರು. ಬಾಗಿಲಿನಿಂದ ಒಳಗೆ ಕಾಲಿಟ್ಟವರಿಗೆ ಬೇರುಗಳೆಲ್ಲ ತಮ್ಮ ಕಡೆಗೇ ಬಾಗಿ ಬರುತ್ತಿರುವಂತೆ ಕಾಣುತ್ತಿತ್ತು. ಗ್ಯಾಲರಿಯವರು ಇಟ್ಟಿದ್ದ 'ಮುಟ್ಟಬೇಡಿ' ಎಂಬ ಫಲಕವನ್ನು ಬಾಯಿ ತಾವೇ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟರು. ಗ್ಯಾಲರಿಯ ಹೆಂಗಸು ಗಾಬರಿಯಾದಳು. "ಮುಟ್ಟದ ಇದ್ರ ಏನ್ ನೋಡ್ತಾರ" ಎಂದು ಕನ್ನಡದಲ್ಲೇ ಹೇಳಿ, ಅದನ್ನು ಇಂಗ್ಲಿಷಿನಲ್ಲಿ ಹೇಳು ಎಂದು ನನ್ನ ಕಡೆ ನೋಡಿದರು.

ಎರಡನೆಯ ದಿನವೇ ಒಬ್ಬರ ಬ್ಯಾಗು ತಾಗಿ ಒಂದು ತುದಿ ಮುರಿಯಿತು. ಆ ಮನುಷ್ಯ ಬೆವತು ಹೋದ. ಬಾಯಿ ಮುರಿದ ತುಂಡನ್ನು ಎತ್ತಿ ಅವನ ಕೈಯಲ್ಲೇ ಇಟ್ಟು, ಅಡವಿಯೊಳಗೂ ಮುರಿಯುತ್ತವೆ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಅವನು ಮರುದಿನ ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದಿದ್ದ. ಆ ವಾರ ಪತ್ರಿಕೆಯೊಂದು ಅವರ ಹೆಸರಿನ ಹಿಂದೆ ಶಿಲ್ಪಿ ಎಂದು ಬರೆಯಿತು. ಕಾಕಾ ಅದನ್ನು ಬೀದಿಯ ಅಂಗಡಿಯಲ್ಲಿದ್ದಷ್ಟೂ ಕೊಂಡು ತಂದರು. ಬಾಯಿ ಅದರ ಹಾಳೆಗಳನ್ನು ಒಣಗುವ ಮಣ್ಣಿನ ಕೆಳಗೆ ಹಾಸಿದರು.

ಅದಾದ ಮೇಲೆ ಅವರು ಬದುಕಿದ್ದು ಹೆಚ್ಚು ಕಾಲವಲ್ಲ. ಹೃದಯ ಸೋತಿತ್ತು. ಈ ವರ್ಷ ಚಳಿ ಬಿಡುವ ಹೊತ್ತಿನಲ್ಲಿ, ಒಂದು ಬೆಳಿಗ್ಗೆ, ಡೊಂಬಿವಲಿಗೆ ಹೊರಡಲು ಡಬ್ಬಿ ಕಟ್ಟುತ್ತಿದ್ದಾಗಲೇ ಅಡುಗೆಮನೆಯಲ್ಲಿ ಕುಸಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಗಾಳಾದಲ್ಲಿ ಅವರು ಕಟ್ಟುತ್ತಿದ್ದ ಗೆದ್ದಲ ಹುತ್ತ ಒಂದಿತ್ತು. ಯೇವೂರಿನಲ್ಲಿ ನೋಡಿ ಬಂದದ್ದು. ಸೊಂಟದೆತ್ತರ, ಸುತ್ತ ಬೆರಳಿನ ಗುರುತುಗಳ ಸಾಲು ಸಾಲು, ತುದಿ ಇನ್ನೂ ಮುಚ್ಚಿರಲಿಲ್ಲ. ನಾವು ವಾರಗಟ್ಟಲೆ ಅದರ ಸುತ್ತ ನಿಂತು ಮಾತಾಡಿದೆವು. ತುದಿಯನ್ನು ನಾವು ಮುಚ್ಚಬೇಕೋ ಬೇಡವೋ? ಸುಮತಿ ಅದಕ್ಕೆ ಕೈ ಹಚ್ಚುವುದೇ ಬೇಡ ಅಂದಳು. "ಭಟ್ಟಿಯಲ್ಲಿ ಒಡೆದರೆ ಎಂತ ಮಾಡುದು? ಹಸಿಯಾಗಿಯೇ ಇದ್ದರೂ ಇರ್ತದಲ್ಲ. ಅವರ ಬೆರಳು ಉಂಟು ಅದರ ಮೇಲೆ." ನನಗೂ ಅದೇ ಭಯ. ಗಾಜಿನ ಪೆಟ್ಟಿಗೆ ಮಾಡಿಸೋಣ ಎಂಬ ಮಾತೂ ಬಂತು. ಕೊನೆಗೆ ಕಾಕಾರನ್ನು ಕೇಳಿದೆವು.

ಅವರು ಬಂದು ಹುತ್ತದ ಮುಂದೆ ನಿಂತರು. ಬಾಯಿ ಹೋದ ಮೇಲೆ ಅವರು ಗಾಳಾಕ್ಕೆ ಬಂದದ್ದು ಅದೇ ಮೊದಲು. "ಕಚ್ಚಂ ಠೇವೂ ನಕಾ" ಎಂದರು. ಸುಡದೆ ಹಸಿಯಾಗಿ ಇಡಬೇಡಿ. "ತಿಲಾ ಆವಡಣಾರ್ ನಾಹಿ." ಅವಳಿಗೆ ಇಷ್ಟವಾಗುವುದಿಲ್ಲ.

ತುದಿಯನ್ನು ಹಾಗೆಯೇ ಬಿಟ್ಟೆವು. ಭಟ್ಟಿಗೆ ಏರಿಸಿ, ಸ್ವಿಚ್ ಹಾಕಿ, ಬಾಯಿ ಕಲಿಸಿದಂತೆ ನಿಧಾನವಾಗಿ ಕಾವು ಏರಿಸಿದೆ. ಒಳಗೆ ಏನಾದರೂ ಸಿಡಿದ ಸದ್ದು ಬರುತ್ತದೋ ಎಂದು ಕಿವಿ ಅಲ್ಲಿಯೇ ಇತ್ತು. ಕಾಕಾ ಕುರ್ಚಿ ಹಾಕಿಕೊಂಡು ಕೂತೇ ಇದ್ದರು. ತಣ್ಣಗಾದ ಮೇಲೆ ಬಾಗಿಲು ತೆರೆದೆವು. ಹುತ್ತ ನಿಂತಿತ್ತು. ಬಾಯ್ದೆರೆದ ತುದಿಯಿಂದ ಕೆಳಕ್ಕೆ ಒಂದು ಬಿರುಕು ಬಿಟ್ಟಿತ್ತು, ಗೇಣಿಗಿಂತ ಕಡಿಮೆ. ಬೆರಳಿನ ಗುರುತುಗಳೆಲ್ಲ ಹಾಗೆಯೇ ಇದ್ದವು, ಗಟ್ಟಿಯಾಗಿ. ನಾವು ಅದನ್ನು ಎತ್ತಿ ಮೇಜಿನ ಮೇಲೆ ಇಳಿಸಿದೆವು. ಸುಮತಿ ಬಿರುಕಿಗೆ ಏನಾದರೂ ತುಂಬಬಹುದಾ ಎಂದು ಕೇಳಿದಳು. ಕಾಕಾ ಹೆಬ್ಬೆರಳನ್ನು ಆ ಬಿರುಕಿನ ಗುಂಟ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಎಳೆದರು.

ಆಮೇಲೆ ಅವರು ತಿರುಗಿ ಖಾಲಿ ಭಟ್ಟಿಯೊಳಗೆ ಬಗ್ಗಿ ನೋಡಿದರು. ಹಲಗೆಗಳ ಮೇಲೂ ನೋಡಿದರು. ಸುಡಲು ಒಂದೂ ಇರಲಿಲ್ಲ. ಅಷ್ಟು ತಿಂಗಳಿಂದ ನಾವು ಯಾರೂ ಏನೂ ಮಾಡಿರಲಿಲ್ಲ.

"ಆತಾ ಪುಢೇ ಕಾಯ್?" ಎಂದು ಕೇಳಿದರು, ನನ್ನ ಮುಖ ನೋಡಿ. ಇನ್ನು ಮುಂದೆ ಏನು?

ನಾನು ತೋಳು ಮಡಚಿಕೊಂಡೆ. ಮೂಲೆಯಲ್ಲಿದ್ದ ಡ್ರಮ್ಮಿನ ಮುಚ್ಚಳ ತೆಗೆದೆ. ಮಣ್ಣು ಮೇಲೆ ಒಣಗಿ ಹೆಂಟೆಗಟ್ಟಿತ್ತು, ಕೆಳಗೆ ಮೆತ್ತಗಿತ್ತು. ಎರಡು ಕೈಯಲ್ಲಿ ಅಗೆದು ತೆಗೆದು ಮೇಜಿನ ಮೇಲೆ ಹಾಕಿ ನಾದತೊಡಗಿದೆ. ಸುಮತಿ ಎದುರಿಗೆ ಬಂದು ತನ್ನ ಪಾಲಿನ ಮುದ್ದೆ ಕಿತ್ತುಕೊಂಡಳು. ಕಾಕಾ ಹೊರಗೆ ಹೋಗಿ ಒಂದು ಬಕೆಟ್ ನೀರು ತಂದು ನಮ್ಮ ನಡುವೆ ಇಟ್ಟರು.